ರನ್‌ವೇ ಬದಿಯ ಕೆಂಪು ಹಲಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸೋಗಾನೆಯ ಶಿವಮೊಗ್ಗ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಹೊರಟಾಗ ಕಿಟಕಿಯಾಚೆ ಹುಲ್ಲಿನ ನಡುವೆ ಕೆಂಪು, ಹಳದಿ, ಕಪ್ಪು ಹಲಗೆಗಳು ಕಂಡವು. ಮೇಲೇರುವ ಮೊದಲು ವಿಮಾನ ಒಂದು ಕಡೆ ಸುಮ್ಮನೆ ನಿಂತಿತ್ತು. ಯಾಕೆ?
- ಭದ್ರಾವತಿಯ ಓದುಗರು

ಉತ್ತರ: ಕಪ್ಪು ಹಲಗೆಯಲ್ಲಿ ಹಳದಿ ಅಕ್ಷರವಿದ್ದರೆ ‘ನೀನೀಗ ಇಲ್ಲಿದ್ದೀಯ’ ಎಂದರ್ಥ. ಹಳದಿ ಹಲಗೆಯ ಕಪ್ಪು ಅಕ್ಷರ, ಬಾಣಗಳು ‘ಈ ಕಡೆ ತಿರುಗಿದರೆ ಅದು ಸಿಗುತ್ತದೆ’ ಎನ್ನುತ್ತವೆ. ಇವೆರಡೂ ದಾರಿ ತೋರಿಸುವವು ಅಷ್ಟೆ. ಕೆಂಪು ಹಲಗೆಯ ಬಿಳಿ ಅಕ್ಷರ ಮಾತ್ರ ಅಪ್ಪಣೆ. ಟವರ್‌ನಿಂದ ಅನುಮತಿ ಸಿಗುವವರೆಗೆ ಅದರಾಚೆ ವಿಮಾನದ ಮೂಗೂ ದಾಟಕೂಡದು. ಅದರ ಮೇಲೆ 05-23 ಎಂಬಂತೆ ಎರಡು ಸಂಖ್ಯೆಗಳಿರುತ್ತವೆ. ಎಡಗಡೆಯ ಸಂಖ್ಯೆಯ ರನ್‌ವೇ ತುದಿ ನಿಮ್ಮ ಎಡಕ್ಕಿದೆ, ಬಲಗಡೆಯದು ಬಲಕ್ಕೆ.

ಹಲಗೆಯ ನೇರಕ್ಕೆ ನೆಲದ ಮೇಲೆ ನಾಲ್ಕು ಹಳದಿ ಗೆರೆಗಳಿವೆ: ಎರಡು ಅಖಂಡ, ಎರಡು ತುಂಡು ತುಂಡು. ಅಖಂಡ ಗೆರೆ ನಿಮ್ಮ ಕಡೆಗಿದ್ದರೆ ನಿಲ್ಲಬೇಕು. ತುಂಡು ಗೆರೆ ನಿಮ್ಮ ಕಡೆಗಿದ್ದರೆ ನೀವು ರನ್‌ವೇಯಿಂದ ಹೊರಬರುತ್ತಿದ್ದೀರಿ, ದಾಟಲೇಬೇಕು, ಅದೂ ಬಾಲದ ಸಮೇತ. ಬಾಲ ಇನ್ನೂ ಒಳಗಿದ್ದರೆ ರನ್‌ವೇ ಖಾಲಿಯಾದ ಲೆಕ್ಕವಲ್ಲ. ದೊಡ್ಡ ರನ್‌ವೇಗಳಲ್ಲಿ ಈ ಗೆರೆ ರನ್‌ವೇಯ ನಡುಗೆರೆಯಿಂದ ಕನಿಷ್ಠ 75 ಮೀಟರ್ ದೂರ. ಐಎಲ್‌ಎಸ್ (ರೇಡಿಯೊ ಸಂಕೇತದಿಂದ ಇಳಿಯುವ ದಾರಿ ತೋರುವ ವ್ಯವಸ್ಥೆ) ಬಳಸಿ ಇಳಿಯುವ ಕಡೆ 90 ಮೀಟರ್. ನಿಮ್ಮ ವಿಮಾನ ಕಾದದ್ದು ಇಂಥ ಗೆರೆಯ ಹಿಂದೆಯೇ ಇರಬೇಕು.

ಪ್ರಶ್ನೆ: ಹಲಗೆಗಳು ಅಷ್ಟು ಕುಳ್ಳಗೆ, ಅಷ್ಟು ದೂರ ಯಾಕೆ? ನಮ್ಮ ಜಡಿಮಳೆಯಲ್ಲಿ ಅವು ಕಾಣುತ್ತವೆಯೇ?
- ಹೊಸನಗರದ ಓದುಗರು

ಉತ್ತರ: ರೆಕ್ಕೆಯಡಿಯ ಎಂಜಿನ್ನಿಗೆ ತಾಗಬಾರದಲ್ಲ! ದೊಡ್ಡ ನಿಲ್ದಾಣದ ಕೆಂಪು ಹಲಗೆಯಲ್ಲಿ ಅಕ್ಷರದ ಎತ್ತರ 40 ಸೆಂ.ಮೀ., ಆದರೆ ಹಲಗೆ ನೆಲದಿಂದ 1.1 ಮೀಟರ್ ಮೀರುವಂತಿಲ್ಲ. ಟ್ಯಾಕ್ಸಿವೇ (ವಿಮಾನ ರನ್‌ವೇಗೆ ಹೋಗಿಬರುವ ದಾರಿ) ಅಂಚಿನಿಂದ 11ರಿಂದ 21 ಮೀಟರ್ ಆಚೆ ನೆಡುತ್ತಾರೆ. ಕಾಲುಗಳನ್ನು ಬೇಕೆಂದೇ ದುರ್ಬಲವಾಗಿ ಮಾಡಿರುತ್ತಾರೆ. ವಿಮಾನ ಬಡಿದರೆ ಹಲಗೆ ಮುರಿಯಬೇಕು, ವಿಮಾನವಲ್ಲ.

ಮಳೆಯ ಕೀಟಲೆ ನಾಲ್ಕು ಕಡೆಯಿಂದ. ಮಲೆನಾಡಿನ ಹುಲ್ಲಿಗೆ ಜೂನ್ ಕಳೆದರೆ ಹಿಡಿತವಿಲ್ಲ, ಹದಿನೈದು ದಿನ ಕತ್ತಿ ಬೀಳದಿದ್ದರೆ ಹಲಗೆಯ ಕೆಳಗಿನ ಸಾಲು ಮುಚ್ಚಿಹೋಗುತ್ತದೆ. ಅಂಗಳದ ಕಲ್ಲಿಗೆ ಹತ್ತುವ ಹಾವಸೆ ಬಣ್ಣದ ಗೆರೆಯನ್ನೂ ಬಿಡುವುದಿಲ್ಲ. ಒದ್ದೆ ನೆಲದ ನೀರಿನ ಪೊರೆ ಬೆಳಕನ್ನು ಬೇರೆಡೆಗೆ ಚಿಮ್ಮಿಸಿ ಗೆರೆಯನ್ನೇ ಮಾಯ ಮಾಡುತ್ತದೆ. ಬಣ್ಣದಲ್ಲಿ ಗಾಜಿನ ಸಣ್ಣ ಮಣಿ ಬೆರೆಸುವುದು ಬೆಳಕು ಪೈಲಟ್ ಕಡೆಗೇ ಮರಳಲಿ ಎಂದು. ನಾಲ್ಕನೆಯದು ಮಣ್ಣಿನಡಿಯ ಕೇಬಲ್. ದೀಪಗಳು ಸರಣಿ ಸಂಪರ್ಕದಲ್ಲಿದ್ದು 6.6 ಆಂಪಿಯರ್ ಕರೆಂಟ್‌ನಲ್ಲಿ ಉರಿಯುತ್ತವೆ. ಒಂದು ಬಲ್ಬ್ ಸುಟ್ಟರೆ ಉಳಿದವು ಆರದಿರಲಿ ಎಂದು ಪ್ರತಿ ದೀಪಕ್ಕೂ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್. ಆದರೆ ಜೋಡಣೆಯೊಳಗೆ ನೀರಿಳಿದರೆ ಕರೆಂಟ್ ನೆಲಕ್ಕೆ ಸೋರಿ ಇಡೀ ಸಾಲು ಮಂಕಾಗುತ್ತದೆ. ಮಳೆಗಾಲಕ್ಕೆ ಮೊದಲೇ ಮೆಗ್ಗರ್ ಎಂಬ ಮಾಪಕ ಹಿಡಿದು ಕೇಬಲ್‌ನ ಇನ್ಸುಲೇಷನ್ ಅಳೆಯುವವರೇ ಜಾಣರು.

ಪ್ರಶ್ನೆ: ಇಷ್ಟೆಲ್ಲ ದೀಪ, ಫಲಕ ಇದ್ದೂ ಕಾವಳ ಕವಿದರೆ ವಿಮಾನ ಇಳಿಯದೆ ಹಿಂದಕ್ಕೆ ಹೋಗುವುದೇಕೆ?
- ತೀರ್ಥಹಳ್ಳಿಯ ಓದುಗರು

ಉತ್ತರ: ದೀಪ ಇದ್ದರಾಯಿತೇ, ಅದು ಪೈಲಟ್ ಕಣ್ಣಿಗೆ ಬೀಳಬೇಕು. ಮೊದಲ ಹಂತದ (ಕ್ಯಾಟಗರಿ-1) ಐಎಲ್‌ಎಸ್ ಇದ್ದ ಕಡೆಯೂ 200 ಅಡಿ ಎತ್ತರಕ್ಕೆ ಇಳಿದಾಗ ರನ್‌ವೇ ದೀಪವಾಗಲಿ ಗುರುತಾಗಲಿ ಕಾಣಲೇಬೇಕು, ಕಾಣದಿದ್ದರೆ ಮೇಲೇರುವುದು ಕಡ್ಡಾಯ. ರನ್‌ವೇ ಮೇಲಿನ ಗೋಚರತೆ 550 ಮೀಟರ್‌ಗಿಂತ ಕಡಿಮೆಯಿರಬಾರದು. ಐಎಲ್‌ಎಸ್ ಇಲ್ಲದ ಕಡೆ ಈ ಮಿತಿಗಳು ಇನ್ನೂ ದೊಡ್ಡವು. ಹಿಂದಿರುಗಿದ ಪೈಲಟ್‌ನನ್ನು ಬೈಯಬೇಡಿ.

ಪ್ರಶ್ನೆ: ಫಲಕ ಸರಿಯಿಲ್ಲದ್ದಕ್ಕೇ ಅಪಘಾತ ಆದದ್ದುಂಟೇ?
- ಸಾಗರದ ಓದುಗರು

ಉತ್ತರ: ಉಂಟು. 2001ರ ಅಕ್ಟೋಬರ್ 8, ಇಟಲಿಯ ಮಿಲಾನಿನ ಲಿನಾಟೆ ನಿಲ್ದಾಣ. ದಟ್ಟ ಮಂಜು. ಆರ್5 ಟ್ಯಾಕ್ಸಿವೇಯಲ್ಲಿ ಹೋಗಬೇಕಿದ್ದ ಸಣ್ಣ ಸೆಸ್ನಾ ವಿಮಾನ ಕವಲಿನಲ್ಲಿ ತಪ್ಪಿ ಆರ್6 ಹಿಡಿಯಿತು. ಆರ್6 ಹೋಗಿ ಸೇರುವುದು ರನ್‌ವೇಗೆ. ನೆಲದ ಗುರುತುಗಳು ಸವೆದಿದ್ದವು. ಪೈಲಟ್ ತಾನಿರುವ ಜಾಗ ‘ಎಸ್4’ ಎಂದು ನೆಲದ ಮೇಲೆ ಬರೆದದ್ದನ್ನು ಓದಿಯೇ ಹೇಳಿದ. ಆ ಹೆಸರು ನಕ್ಷೆಯಲ್ಲೇ ಇರಲಿಲ್ಲ, ಟವರ್‌ನವರಿಗೂ ಅದು ಎಲ್ಲಿಯದೆಂದು ಹೊಳೆಯಲಿಲ್ಲ. ನೆಲದ ರಾಡಾರ್ ಕೆಲಸ ಮಾಡುತ್ತಿರಲಿಲ್ಲ. ಮೇಲೇರುತ್ತಿದ್ದ ಎಂಡಿ-87 ವಿಮಾನ ಸೆಸ್ನಾಕ್ಕೆ ಬಡಿಯಿತು. ಸತ್ತವರು 118. ಇದರಲ್ಲಿ ಪೈಲಟ್ ತಪ್ಪೊಂದನ್ನೇ ಹಿಡಿದು ಕೂರುವುದು ನಮಗೆ ಒಪ್ಪಿತವಲ್ಲ. ದಾರಿ ತಪ್ಪಿದವನಿಗೆ ಅದು ತಿಳಿಯುವಂತೆ ಮಾಡುವುದೇ ಫಲಕದ ಕೆಲಸ.

2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಕರಾವಳಿ ಕಾವಲು ಪಡೆಯ ವಿಮಾನ ರನ್‌ವೇಗೆ ನುಗ್ಗಿ, ಇಳಿಯುತ್ತಿದ್ದ ಎ350 ಪ್ರಯಾಣಿಕ ವಿಮಾನ ಅದಕ್ಕೆ ಬಡಿದು, ಕಾವಲು ಪಡೆಯ 5 ಮಂದಿ ತೀರಿಕೊಂಡರು. ಎ350ರ 379 ಮಂದಿಯೂ ಪಾರಾದರು. ಕಾವಲು ವಿಮಾನ ರನ್‌ವೇಗೆ ಬಂದ ದಾರಿಯ ಸ್ಟಾಪ್ ಬಾರ್ (‘ನಿಲ್ಲು’ ಎನ್ನುವ ಕೆಂಪು ಸಾಲು) ದೀಪಗಳು ಆ ದಿನ ಬಳಕೆಯಲ್ಲಿರಲಿಲ್ಲ.

ಪ್ರಶ್ನೆ: ರನ್‌ವೇ ತುದಿಯ ಬಿಳಿ ಪಟ್ಟೆಗಳಿಗೆ ಅರ್ಥವಿದೆಯೇ? ಟ್ಯಾಕ್ಸಿವೇಗೆ ಐ, ಒ, ಎಕ್ಸ್ ಎಂಬ ಹೆಸರು ಯಾಕಿಲ್ಲ?
- ಶಿವಮೊಗ್ಗದ ವಿದ್ಯಾರ್ಥಿ

ಉತ್ತರ: ಪಟ್ಟೆಗಳ ಸಂಖ್ಯೆ ಅಗಲವನ್ನು ಹೇಳುತ್ತದೆ: 30 ಮೀಟರ್‌ಗೆ 8, 45ಕ್ಕೆ 12, 60ಕ್ಕೆ 16. ಸೋಗಾನೆಯ ರನ್‌ವೇ 3,200 ಮೀಟರ್ ಉದ್ದ, 45 ಮೀಟರ್ ಅಗಲ. ಎಷ್ಟು ಪಟ್ಟೆ ಇರಬೇಕೆಂದು ನೀವೇ ಹೇಳಿ, ಮುಂದಿನ ಸಲ ಕಿಟಕಿಯಿಂದ ಎಣಿಸಿ. ಇನ್ನು ಐ ಮತ್ತು ಒ ಅಕ್ಷರಗಳು ಒಂದು, ಸೊನ್ನೆಗಳಂತೆ ಕಾಣುತ್ತವೆ. ಎಕ್ಸ್ ಗುರುತನ್ನು ಬಳಿಯುವುದು ಮುಚ್ಚಿದ ದಾರಿಯ ಮೇಲೆ.