ಮುಂದಿನ ಬ್ರೇಕಿಗೆ ಹೆದರಬೇಕೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಬೈಕ್ ಕಲಿಸಿದವರು "ಮುಂದಿನ ಬ್ರೇಕ್ ಹಿಡಿದರೆ ಗಾಡಿ ಪಲ್ಟಿ ಹೊಡೆಯುತ್ತದೆ, ಹಿಂದಿನದನ್ನು ಮಾತ್ರ ತುಳಿ" ಎಂದು ಹೇಳಿಕೊಟ್ಟಿದ್ದಾರೆ, ಈಗ ಬೇರೆ ಕೆಲವರು ಮುಂದಿನದೇ ಮುಖ್ಯ ಎನ್ನುತ್ತಿದ್ದಾರೆ, ಯಾರ ಮಾತು ಕೇಳಬೇಕು, ದಿಢೀರನೆ ನಿಲ್ಲಿಸಬೇಕಾಗಿ ಬಂದರೆ ಎರಡು ಬ್ರೇಕುಗಳನ್ನು ಹೇಗೆ ಬಳಸಬೇಕು? ಎರಡನೆಯವರ ಮಾತು ಸರಿ. ಆದರೆ ಮೊದಲನೆಯವರ ಭಯ ಪೂರ್ತಿ ಆಧಾರವಿಲ್ಲದ್ದೇನೂ ಅಲ್ಲ. ಆ ಭಯ ಎಲ್ಲಿಂದ ಹುಟ್ಟಿತೆಂಬುದನ್ನು ತಿಳಿದುಕೊಳ್ಳದೆ ನಾಳೆಯಿಂದಲೇ ಮುಂದಿನ ಲಿವರನ್ನು ಬಲವಾಗಿ ಹಿಡಿಯತೊಡಗಿದರೆ ಅವರು ಹೇಳಿದ್ದೇ ನಡೆದುಹೋಗಬಹುದು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಬ್ರೇಕ್ ತಡೆಯುವುದು ಚಕ್ರವನ್ನು. ಗಾಡಿಯನ್ನು ನಿಲ್ಲಿಸುವುದು ಟೈರಿಗೂ ರಸ್ತೆಗೂ ನಡುವಿನ ಹಿಡಿತ. ಆ ಹಿಡಿತ ಎಷ್ಟಿರುತ್ತದೆ ಎಂಬುದು ಚಕ್ರದ ಮೇಲೆ ಎಷ್ಟು ಭಾರ ಬಿದ್ದಿದೆ ಎಂಬುದನ್ನು ಅವಲಂಬಿಸಿದೆ. ಗಾಡಿಯ ವೇಗ ತಗ್ಗತೊಡಗಿದ ಕ್ಷಣದಿಂದಲೇ ಭಾರ ಹಿಂದಿನ ಚಕ್ರವನ್ನು ಬಿಟ್ಟು ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಒಂದು ಸಾಧಾರಣ ಬೈಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ: ಎರಡು ಚಕ್ರಗಳ ಅಂತರ 1.3 ಮೀಟರ್, ಸವಾರನೂ ಸೇರಿದಂತೆ ಗುರುತ್ವ ಕೇಂದ್ರ ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿದೆ, ನಿಂತಿರುವಾಗ ಭಾರ ಎರಡೂ ಚಕ್ರಗಳ ಮೇಲೆ ಸಮವಾಗಿ ಹಂಚಿಕೊಂಡಿದೆ ಎಂದಿಟ್ಟುಕೊಳ್ಳೋಣ. ಈ ಬೈಕಿನ ವೇಗ ಪ್ರತಿ ಸೆಕೆಂಡಿನಲ್ಲೂ ಸೆಕೆಂಡಿಗೆ ಸುಮಾರು 6 ಮೀಟರಿನಷ್ಟು ತಗ್ಗುವ ಹಾಗೆ ಬ್ರೇಕ್ ಹಾಕಿದರೆ ಒಟ್ಟು ಭಾರದ ಶೇ 80ರಷ್ಟು ಮುಂದಿನ ಚಕ್ರದ ಮೇಲಿರುತ್ತದೆ, ಹಿಂದಿನದರ ಮೇಲೆ ಉಳಿಯುವುದು ಶೇ 20 ಮಾತ್ರ. ಅಷ್ಟು ಹಗುರವಾದ ಚಕ್ರವನ್ನು ಎಷ್ಟೇ ಬಲವಾಗಿ ತುಳಿದರೂ ಅದು ಲಾಕ್ ಆಗಿ, ಅಂದರೆ ಉರುಳುವುದು ನಿಂತು, ಜಾರುತ್ತದೆಯೇ ಹೊರತು ಗಾಡಿಯನ್ನು ನಿಲ್ಲಿಸುವುದಿಲ್ಲ.

ಇದೇ ಬೈಕು ಒಣ ಡಾಂಬರಿನ ಮೇಲೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದೆ, ಟೈರಿಗೂ ರಸ್ತೆಗೂ ನಡುವಿನ ಘರ್ಷಣಾಂಕ (ಹಿಡಿತದ ಅಳತೆ) 0.8 ಎಂದುಕೊಂಡು ಲೆಕ್ಕ ಹಾಕಿದರೆ, ಎರಡೂ ಬ್ರೇಕುಗಳನ್ನು ಪೂರ್ಣವಾಗಿ ಬಳಸಿದಾಗ ಅದು ಸುಮಾರು 18 ಮೀಟರಿನಲ್ಲಿ ನಿಲ್ಲಬೇಕು. ಮುಂದಿನದನ್ನು ಮಾತ್ರ ಬಳಸಿದರೆ ಸುಮಾರು 21 ಮೀಟರ್ ಬೇಕು. ಹಿಂದಿನದನ್ನು ಮಾತ್ರ ಬಳಸಿದರೆ ಸುಮಾರು 50 ಮೀಟರ್. ಅಪಾಯವನ್ನು ಕಂಡು ಕೈಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲಿ ಒಂದು ಸೆಕೆಂಡ್ ಕಳೆದರೆ ಸುಮಾರು 17 ಮೀಟರ್ ಬೇರೆ ಸೇರುತ್ತದೆ. ಇವು ಕಾಗದದ ಮೇಲಿನ ಲೆಕ್ಕಗಳು. ರಸ್ತೆಯಲ್ಲಿ ನಾವು ಯಾರೂ ಬ್ರೇಕನ್ನು ಅದರ ಕಟ್ಟಕಡೆಯ ಮಿತಿಯವರೆಗೆ ಬಳಸುವುದಿಲ್ಲ. ಆದರೂ ಈ ಮೂರು ಅಂಕಿಗಳ ನಡುವಿನ ಅಂತರ ಎಷ್ಟಿದೆ ನೋಡಿ. ಹಿಂದಿನ ಬ್ರೇಕನ್ನೇ ನಂಬಿಕೊಂಡವರು ಎರಡೂವರೆ ಪಟ್ಟಿಗಿಂತ ಹೆಚ್ಚು ದೂರವನ್ನು ಸುಮ್ಮನೆ ಬಿಟ್ಟುಕೊಡುತ್ತಿದ್ದಾರೆ.

ಹಾಗಾದರೆ ಮುಂದಿನ ಬ್ರೇಕ್ ಹಿಡಿದು ಬಿದ್ದವರು ಏಕೆ ಬಿದ್ದರು? ನನ್ನ ಅಭಿಪ್ರಾಯದಲ್ಲಿ ನಿಮ್ಮ ಪ್ರಶ್ನೆಯ ತಿರುಳು ಇರುವುದು ಇಲ್ಲಿಯೇ. ಭಾರ ಮುಂದಕ್ಕೆ ಬರಲು ಒಂದಿಷ್ಟು ಸಮಯ ಬೇಕು, ತೀರಾ ಚಿಕ್ಕದಾದರೂ ಅದು ಸಮಯವೇ. ಲಿವರನ್ನು ಗಕ್ಕನೆ ಪೂರ್ತಿ ಹಿಡಿದಾಗ ಬ್ರೇಕಿನ ಬಲ ಮೊದಲು ಬಂದುಬಿಡುತ್ತದೆ, ಭಾರ ಇನ್ನೂ ಬಂದಿರುವುದಿಲ್ಲ; ಹಗುರವಾಗಿಯೇ ಇರುವ ಮುಂದಿನ ಚಕ್ರ ಲಾಕ್ ಆಗುತ್ತದೆ, ಅದು ಉರುಳುವುದು ನಿಂತೊಡನೆ ಹ್ಯಾಂಡಲಿನ ಮೇಲಿನ ಹತೋಟಿ ತಪ್ಪುತ್ತದೆ, ಗಾಡಿ ಪಕ್ಕಕ್ಕೆ ಬೀಳುತ್ತದೆ. ಹಿಂದಿನ ಚಕ್ರ ಮೇಲೆದ್ದು ಸವಾರ ಹ್ಯಾಂಡಲಿನ ಮೇಲಿಂದ ಹಾರಿ ಬೀಳುವುದು ಅಸಾಧ್ಯವೇನಲ್ಲ, ಆದರೆ ಸಾಧಾರಣ ಬೈಕಿನಲ್ಲಿ ಹೆಚ್ಚಾಗಿ ನಡೆಯುವುದು ಮುಂದಿನ ಟೈರು ಜಾರುವುದೇ. ತಪ್ಪು ಬ್ರೇಕಿನದಲ್ಲ, ಅದನ್ನು ಹಿಡಿದ ರೀತಿಯದು.

ಹಿಡಿಯುವ ಸರಿಯಾದ ರೀತಿ ಎರಡು ಹಂತಗಳದ್ದು. ಮೊದಲು ಲಿವರಿನ ಸಡಿಲವಷ್ಟೇ ಹೋಗುವಂತೆ, ಬ್ರೇಕಿನ ಪ್ಯಾಡುಗಳು ಚಕ್ರದ ಡಿಸ್ಕನ್ನು ತಾಗುವಂತೆ ಬೆರಳುಗಳನ್ನು ಒತ್ತಬೇಕು. ಆಗ ಮುಂದಿನ ಫೋರ್ಕ್ (ಚಕ್ರವನ್ನು ಹಿಡಿದಿರುವ ಜೋಡಿ ಕೊಳವೆ) ಕೆಳಕ್ಕೆ ಕುಗ್ಗುವುದು, ಬೈಕಿನ ಮೂತಿ ಬಗ್ಗುವುದು, ಅಂಗೈಗಳ ಮೇಲೆ ನಿಮ್ಮದೇ ಮೈಭಾರ ಬಂದು ಕೂರುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಭಾರ ಬಂದಿದೆ ಎಂಬುದಕ್ಕೆ ಅದೇ ಗುರುತು. ಅಲ್ಲಿಂದ ಮುಂದೆ ನಿಂಬೆಹಣ್ಣನ್ನು ಹಿಂಡುವಂತೆ ಒತ್ತಡವನ್ನು ಏರಿಸುತ್ತಾ ಹೋಗಬೇಕು. ಓದುವಾಗ ಇದು ನಿಧಾನದ ಕೆಲಸವೆನಿಸಬಹುದು. ರೂಢಿಯಾದ ಕೈಗೆ ಮೊದಲ ಹಂತ ಅರೆ ಸೆಕೆಂಡ್ ಕೂಡ ಹಿಡಿಯುವುದಿಲ್ಲ, ಆ ಅಲ್ಪ ಕಾಲವನ್ನು ಕೊಟ್ಟರೆ ಮುಂದಿನ ಟೈರು ಆಮೇಲೆ ಎಷ್ಟು ಒತ್ತಡವನ್ನು ತಾಳಬಲ್ಲದು ಎಂಬುದು ಮೊದಲ ಸಲ ಅನುಭವಿಸಿದವರಿಗೆ ಅಚ್ಚರಿಯನ್ನೇ ಉಂಟುಮಾಡುತ್ತದೆ. ಹೀಗಿದ್ದೂ ಮುಂದಿನ ಚಕ್ರ ಲಾಕ್ ಆದರೆ ತಕ್ಷಣ ಲಿವರನ್ನು ಸಡಿಲಿಸಿ, ಚಕ್ರ ಮತ್ತೆ ಉರುಳತೊಡಗಿದ ಮೇಲೆ ಮೊದಲಿಗಿಂತ ಮೆದುವಾಗಿ ಹಿಡಿಯಬೇಕು.

ಹಿಂದಿನ ಬ್ರೇಕಿನ ವಿಷಯ ಇದಕ್ಕೆ ತಿರುವುಮುರುವು. ಮುಂದಿನದನ್ನು ಏರಿಸುತ್ತಾ ಹೋದಂತೆ ಹಿಂದಿನ ಚಕ್ರ ಹಗುರವಾಗುತ್ತದೆ, ಆದ್ದರಿಂದ ಪೆಡಲಿನ ಮೇಲಿನ ಒತ್ತಡವನ್ನು ಇಳಿಸುತ್ತಾ ಬರಬೇಕು. ಗಾಬರಿಯಲ್ಲಿ ಕಾಲು ಮಾಡುವುದು ಇದರ ವಿರುದ್ಧದ್ದನ್ನೇ. ಹಿಂದಿನ ಚಕ್ರ ಲಾಕ್ ಆಗಿಯೂ ಗಾಡಿ ನೇರವಾಗಿಯೇ ಸಾಗುತ್ತಿದ್ದರೆ ಪೆಡಲನ್ನು ಮೆಲ್ಲಗೆ ಸಡಿಲಿಸಬಹುದು. ಆದರೆ ವೇಗವಿರುವಾಗ ಬಾಲ ಆಗಲೇ ಪಕ್ಕಕ್ಕೆ ಹೊರಳಿದ್ದರೆ ಪೆಡಲನ್ನು ಬಿಡಬಾರದು. ಬಿಟ್ಟ ಕೂಡಲೇ ಟೈರಿಗೆ ಒಮ್ಮೆಲೇ ಹಿಡಿತ ಸಿಕ್ಕಿ, ಓರೆಯಾಗಿರುವ ಗಾಡಿ ಝಾಡಿಸಿದಂತೆ ನೆಟ್ಟಗಾಗಿ ಸವಾರನನ್ನು ಆಚೆ ಬದಿಗೆ ಎಸೆಯುತ್ತದೆ. ಈ ಬೀಳುವಿಕೆ ಮಾಮೂಲಾಗಿ ಜಾರಿ ಬೀಳುವುದಕ್ಕಿಂತ ಕೆಟ್ಟದ್ದು. ಅಂಥ ಸಂದರ್ಭದಲ್ಲಿ ತುಳಿದದ್ದನ್ನು ಹಾಗೆಯೇ ಇಟ್ಟುಕೊಂಡು, ದೃಷ್ಟಿಯನ್ನು ಹೋಗಬೇಕಾದ ದಿಕ್ಕಿನಲ್ಲಿಟ್ಟು ಗಾಡಿ ನಿಲ್ಲುವವರೆಗೆ ಬಿಡುವುದೇ ಕ್ಷೇಮ.

ಇನ್ನು ತುರ್ತಾಗಿ ನಿಲ್ಲಿಸುವಾಗ ಮೈ ಹೇಗಿರಬೇಕು ಎಂಬುದು. ಆ್ಯಕ್ಸಿಲರೇಟರ್ ಮುಚ್ಚುವುದು, ಎರಡೂ ಬ್ರೇಕುಗಳನ್ನು ಮುಟ್ಟುವುದು ಒಟ್ಟೊಟ್ಟಿಗೆ ಆಗಬೇಕು. ಮೊಣಕಾಲುಗಳು ಪೆಟ್ರೋಲ್ ಟ್ಯಾಂಕನ್ನು ಬಿಗಿಯಾಗಿ ಅಪ್ಪಿಕೊಂಡಿದ್ದರೆ ಮುಂದಕ್ಕೆ ನುಗ್ಗುವ ಮೈಭಾರವನ್ನು ಅವೇ ತಡೆಯುತ್ತವೆ. ಇಲ್ಲದಿದ್ದರೆ ಅದೆಲ್ಲ ತೋಳುಗಳ ಮೇಲೆ ಬಂದು, ತೋಳು ಬಿಗಿದು, ಹ್ಯಾಂಡಲ್ ಎಳೆದಾಡತೊಡಗುತ್ತದೆ. ಕಣ್ಣು ಮುಂದಿನ ಚಕ್ರದ ಮೇಲಾಗಲಿ ಎದುರಿನ ಅಡ್ಡಿಯ ಮೇಲಾಗಲಿ ನೆಡದೆ, ಪಕ್ಕದಲ್ಲಿ ದಾರಿ ಎಲ್ಲಿದೆ ಎಂದು ಹುಡುಕುತ್ತಿರಬೇಕು. ಕ್ಲಚ್ಚನ್ನು ಮೊದಲೇ ಹಿಡಿದುಬಿಡುವ ಅಭ್ಯಾಸ ಅನೇಕರಿಗಿದೆ. ದಿನನಿತ್ಯದ ಓಡಾಟದಲ್ಲಿ ಅದರಿಂದ ಎಂಜಿನ್ನಿನ ತಡೆ ತಪ್ಪಿಹೋಗುತ್ತದೆ, ಆದ್ದರಿಂದ ಗಾಡಿ ನಿಲ್ಲುವುದಕ್ಕೆ ಸ್ವಲ್ಪ ಮುಂಚೆ ಹಿಡಿದರೆ ಸಾಕು. ತೀರಾ ತುರ್ತಿನಲ್ಲಿ ಮಾತ್ರ ಬ್ರೇಕಿನ ಜೊತೆಗೇ ಹಿಡಿದರೂ ಚಿಂತೆಯಿಲ್ಲ, ಏಕೆಂದರೆ ಆಗ ಎಂಜಿನ್ನಿನ ತಡೆಗಿಂತ ಗಮನವೆಲ್ಲ ಮುಂದಿನ ಲಿವರಿನ ಮೇಲಿರುವುದು ಮುಖ್ಯ.

ಇಷ್ಟೆಲ್ಲ ಹೇಳಿದ್ದು ಗಾಡಿ ನೆಟ್ಟಗಿರುವಾಗಿನ ಮಾತು. ತಿರುವಿನಲ್ಲಿ ಗಾಡಿ ವಾಲಿರುವಾಗ ಟೈರಿನ ಹಿಡಿತದ ಒಂದು ಭಾಗ ಆಗಲೇ ತಿರುಗುವುದಕ್ಕೆ ಖರ್ಚಾಗಿರುತ್ತದೆ. ಬ್ರೇಕಿಗೆ ಸಿಗುವುದು ಉಳಿದಷ್ಟೇ. ವೇಗವನ್ನು ತಿರುವಿಗೆ ಮುಂಚೆಯೇ ತಗ್ಗಿಸಬೇಕೆಂದು ಹೇಳುವುದು ಈ ಕಾರಣಕ್ಕೆ. ತಿರುವಿನ ನಡುವೆ ಅಡ್ಡಿ ಎದುರಾದರೆ, ಜಾಗವಿದ್ದಲ್ಲಿ ಗಾಡಿಯನ್ನು ನೆಟ್ಟಗೆ ಮಾಡಿ ಆಮೇಲೆ ಜೋರಾಗಿ ಬ್ರೇಕ್ ಹಾಕಿ. ಜಾಗವಿಲ್ಲದಿದ್ದರೆ ಎರಡನ್ನೂ ಮೆದುವಾಗಿ ಹಿಡಿದು, ಗಾಡಿ ನೆಟ್ಟಗಾಗುತ್ತಾ ಬಂದಂತೆ ಒತ್ತಡವನ್ನು ಏರಿಸಿ.

ಹಿಂದಿನ ಬ್ರೇಕಿಗೇ ಮೊದಲ ಮಣೆ ಹಾಕಬೇಕಾದ ಸಂದರ್ಭಗಳೂ ಇವೆ, ಅವನ್ನು ಮರೆಮಾಚುವುದು ಸರಿಯಲ್ಲ. ನಡಿಗೆಯ ವೇಗದಲ್ಲಿ ಹ್ಯಾಂಡಲನ್ನು ಪೂರ್ತಿ ತಿರುಗಿಸಿ ಯು-ತಿರುವು ತೆಗೆದುಕೊಳ್ಳುವಾಗ ಮುಂದಿನ ಲಿವರನ್ನು ಸ್ವಲ್ಪ ಹಿಡಿದರೂ ಗಾಡಿ ಒಳಬದಿಗೆ ಉರುಳಿಬೀಳುತ್ತದೆ. ಅಲ್ಲಿ ಹಿಂದಿನದು ಮಾತ್ರ ಸಾಕು. ಮರಳು, ಜಲ್ಲಿ, ಕೆಸರಿನ ಮೇಲೆ ಹೆಚ್ಚಾಗಿ ಹಿಂದಿನ ಬ್ರೇಕನ್ನೇ ಬಳಸಿ, ಮುಂದಿನದು ಬೆರಳ ತುದಿಯ ಸ್ಪರ್ಶದಷ್ಟಿರಲಿ. ಮಳೆಯಲ್ಲಿ ಹಾಗಲ್ಲ. ಒದ್ದೆ ಡಾಂಬರಿನ ಮೇಲೆಯೂ ಎರಡೂ ಬೇಕು, ಆದರೆ ಬೇಗ ಆರಂಭಿಸಿ ನಿಧಾನವಾಗಿ ಏರಿಸಬೇಕು. ರಸ್ತೆಗೆ ಬಳಿದ ಬಿಳಿ ಪಟ್ಟೆಗಳ ಮೇಲೆ, ಕಬ್ಬಿಣದ ಮುಚ್ಚಳಗಳ ಮೇಲೆ ಚಕ್ರ ಹಾಯುವಾಗ ಒತ್ತಡವನ್ನು ಕ್ಷಣಕಾಲ ಇಳಿಸಬೇಕು. ಹಿಂಬದಿ ಸವಾರರಿದ್ದರೆ ಹಿಂದಿನ ಚಕ್ರದ ಮೇಲೆ ಭಾರ ಹೆಚ್ಚಿರುವುದರಿಂದ ಆ ಬ್ರೇಕು ಎಂದಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಉದ್ದನೆಯ ಇಳಿಜಾರಿನಲ್ಲಂತೂ ಪೆಡಲನ್ನು ತುಳಿದುಕೊಂಡೇ ಇಳಿಯುವುದು ಬಹಳ ಕೆಟ್ಟ ಅಭ್ಯಾಸ. ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕೆಳಗಿನ ಗೇರಿನಲ್ಲಿಟ್ಟು ಎಂಜಿನ್ನಿಗೇ ಗಾಡಿಯನ್ನು ತಡೆಯಲು ಬಿಟ್ಟು, ಬ್ರೇಕನ್ನು ಆಗಾಗ ಹಾಕಿ ಬಿಡುತ್ತಿರಬೇಕು.

ಎಬಿಎಸ್ (ಚಕ್ರ ಲಾಕ್ ಆಗುವುದನ್ನು ತಡೆಯುವ ವ್ಯವಸ್ಥೆ) ಇದ್ದರೆ ಇದೆಲ್ಲ ಬೇಡವಲ್ಲವೇ ಎಂದು ನೀವು ಕೇಳಬಹುದು. ಮೋಟಾರ್ ಸೈಕಲ್ಲಿಗೆ ಈ ವ್ಯವಸ್ಥೆ 1988ರಲ್ಲಿ ಬಿಎಂಡಬ್ಲ್ಯು ಕೆ100ರ ಮೂಲಕ ಬಂದಾಗಿನಿಂದ ಅದು ಅಸಂಖ್ಯ ಸವಾರರನ್ನು ಉಳಿಸಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ, ಕೊಳ್ಳುವಾಗ ಆಯ್ಕೆಯಿದ್ದರೆ ಎಬಿಎಸ್ ಇರುವುದನ್ನೇ ಕೊಳ್ಳಿ. ಅದು ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ, ಆದರೆ ರಸ್ತೆಯಲ್ಲಿ ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ. ಜಲ್ಲಿಯ ಮೇಲೆ ಗಾಡಿ ನಿಲ್ಲುವ ದೂರ ಅದರಿಂದ ಹೆಚ್ಚಾಗಲೂಬಹುದು, ವಾಲಿದ ಗಾಡಿಯನ್ನು ಸಾಮಾನ್ಯ ಎಬಿಎಸ್ ಕಾಪಾಡುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಅದು ಕೆಲಸ ಮಾಡುವಾಗ ಲಿವರ್ ಬೆರಳುಗಳ ಕೆಳಗೆ ಅದುರುತ್ತದೆ. ಗಾಬರಿಯಾಗಿ ಬಿಡದೆ ಒತ್ತಿಯೇ ಹಿಡಿಯಬೇಕು. ಕೆಲವು ಬೈಕುಗಳಲ್ಲಿ ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ ಇರುತ್ತದೆ, ನಿಮ್ಮದರಲ್ಲಿ ಹೇಗಿದೆ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ.

ಕೈಪಿಡಿ ತೆರೆದಾಗಲೇ ಪೆಡಲಿನ ಸಡಿಲ ಎಷ್ಟಿರಬೇಕು, ಪ್ಯಾಡ್ ಎಷ್ಟು ಸವೆದಾಗ ಬದಲಿಸಬೇಕು, ಟೈರಿನ ಗಾಳಿ ಎಷ್ಟಿರಬೇಕು ಎಂಬುದನ್ನೂ ಓದಿಕೊಳ್ಳಿ. ಬ್ರೇಕ್ ಆಯಿಲನ್ನು ಮಾತ್ರ ಹೆಚ್ಚಿನವರು ಮರೆತೇಬಿಡುತ್ತಾರೆ. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ಮಾನದಂಡವಿದ್ದರೆ, ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಆಯಿಲ್ ಕುದಿದರೆ ಗುಳ್ಳೆಗಳಾಗಿ, ಹಿಡಿದ ಲಿವರ್ ಏನೂ ಮಾಡದೆ ಹ್ಯಾಂಡಲಿನವರೆಗೆ ಬಂದುಬಿಡುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ವಾಡಿಕೆ.

ಕೊನೆಯದಾಗಿ ಅಭ್ಯಾಸ. ಇದುವರೆಗೆ ಹಿಂದಿನ ಬ್ರೇಕನ್ನೇ ಬಳಸಿದ ಕಾಲು ಗಾಬರಿಯ ಹೊತ್ತಿನಲ್ಲಿ ನಿಮ್ಮ ತಿಳಿವಳಿಕೆಯನ್ನು ಕೇಳುವುದಿಲ್ಲ, ರೂಢಿಯಾದದ್ದನ್ನೇ ಮಾಡುತ್ತದೆ. ವಾಹನಗಳಿಲ್ಲದ, ಗಟ್ಟಿ ನೆಲದ ಬಯಲಿನಲ್ಲಿ ಹೆಲ್ಮೆಟ್, ಜಾಕೆಟ್, ಕೈಗವಸು ತೊಟ್ಟು ಗಂಟೆಗೆ 20 ಕಿಲೋಮೀಟರಿನಿಂದ ಆರಂಭಿಸಿ. ಮೊದಲು ಮುಂದಿನ ಬ್ರೇಕಿನಿಂದ ಮಾತ್ರ ಮೆದುವಾಗಿ ನಿಲ್ಲಿಸಿ, ಫೋರ್ಕ್ ಕುಗ್ಗುವುದನ್ನು ಕೈಗೆ ಪರಿಚಯ ಮಾಡಿಸಿ. ಆಮೇಲೆ ಎರಡನ್ನೂ ಸೇರಿಸಿ. ಒಂದು ಗುರುತಿನ ಬಳಿ ಬ್ರೇಕ್ ಆರಂಭಿಸಿ ಎಲ್ಲಿ ನಿಲ್ಲುತ್ತೀರಿ ಎಂದು ನೋಡಿಕೊಳ್ಳಿ, ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ, ಟೈರು ಕಿರುಗುಟ್ಟದೆ ನಿಲ್ಲಿಸಲು ಬಂದಾಗಲೇ ವೇಗವನ್ನು ಹತ್ತು ಕಿಲೋಮೀಟರ್ ಏರಿಸಿ.