ಮುಕ್ಕಾಲು ಇಂಚಿನ ಹಳೇ ತಾಮ್ರದ ಪೈಪಿಗೆ 22 ಎಂಎಂ ಪುಶ್‌ಫಿಟ್ (ತಳ್ಳಿದರೆ ಕೂರುವ ಜಾಯಿಂಟ್) ಯಾವ ಕಂಪನಿಯದು ಒಳ್ಳೇದು?

ಯಾವ ಕಂಪನಿಯದೂ ಬೇಡ. ಇಂಗ್ಲೆಂಡಿನಲ್ಲಿ ಅರವತ್ತರ ದಶಕದ ಮನೆ, ಬಿಸಿನೀರಿನ ಸಿಲಿಂಡರಿಗೆ ಬರುವ ಹಳೇ ಪೈಪು ಅಂದಿದ್ದೀರಿ. ನಮ್ಮದೂ ಅಂಥದ್ದೇ ಮನೆ, ಅದೇ ಪೈಪು.

ಇಲ್ಲಿ 1970ರ ದಶಕದ ಶುರುವಿನಲ್ಲಿ ತಾಮ್ರದ ಪೈಪು ಇಂಚು ಬಿಟ್ಟು ಮಿಲಿಮೀಟರಿಗೆ ಬಂತು. ಆಗ ಅಳೆಯುವ ಜಾಗವೇ ಬದಲಾಯಿತು. ಇಂಚಿನ ಪೈಪಿನ ಸೈಜು ಒಳಗಿನ ಅಳತೆ, ಎಂಎಂ ಪೈಪಿನದು ಹೊರಗಿನ ಅಳತೆ. ಮುಕ್ಕಾಲು ಇಂಚಿನ ಪೈಪು ಹೊರಗಿನಿಂದ ಸುಮಾರು 21.5 ಎಂಎಂ ಬರುತ್ತದೆ.

ಇದು ಗೊತ್ತಿದ್ದೂ ನಾನು ಕೆಟ್ಟೆ. ವರ್ನಿಯರ್ ಹಿಡಿದು ಅಳೆದೆ, ಸರಿಯಾಗಿ 22 ತೋರಿಸಿತು. ಯಾರೋ ಆಮೇಲೆ ಹೊಸ ಪೈಪು ಹಾಕಿಸಿರಬೇಕು ಅಂದುಕೊಂಡೆ. ಅಳೆದಿದ್ದು ಬಣ್ಣದ ಮೇಲೆ! ಮೇಲೆ ಕ್ರೀಮು, ಅದರಡಿ ಬಿಳಿ, ಅದರಡಿ ಹಸಿರು. ಎರಡೂ ಬದಿಗೆ ಕಾಲು ಕಾಲು ಎಂಎಂ ಬಣ್ಣ ಸೇರಿದರೆ ಅರ್ಧ ಎಂಎಂ ಆಯಿತಲ್ವಾ? ಪೈಪು ಕತ್ತರಿಸಿ, ತಾಮ್ರ ಹೊಳೆಯುವವರೆಗೆ ಬಣ್ಣ ಉಜ್ಜಿ ತೆಗೆದೆ. ಮತ್ತೆ ಅಳೆಯಲಿಲ್ಲ. 22ರ ಕಂಪ್ರೆಶನ್ ಜಾಯಿಂಟ್ ಹಾಕಿದೆ. ನಟ್ಟಿನೊಳಗೆ ಕೂರುವ ಹಿತ್ತಾಳೆ ಉಂಗುರ, ಅದೇ ಆಲಿವ್, ಪೈಪಿನ ಮೇಲೆ ಲೊಡಲೊಡ ಅಂತಿತ್ತು. ಬಿಗಿದರೆ ಕೂರುತ್ತೆ ಬಿಡು ಅಂತ ಸ್ಪ್ಯಾನರಿಗೆ ಜೋತುಬಿದ್ದೆ. ಊರಿನ ಜಿಐ ಪೈಪಿನ ಅಭ್ಯಾಸ ನೋಡಿ, ಥ್ರೆಡ್ಡಿಗೆ ಟೇಪು ಬೇರೆ ಸುತ್ತಿದೆ. ಕಂಪ್ರೆಶನ್ ಜಾಯಿಂಟಿನಲ್ಲಿ ನೀರು ತಡೆಯುವುದು ಥ್ರೆಡ್ಡಲ್ಲ, ಆ ಉಂಗುರ.

ನೀರು ಬಿಟ್ಟಾಗ ಒಂದು ಹನಿಯೂ ಬರಲಿಲ್ಲ. ಮೋಸ ಹೋಗುವುದು ಅಲ್ಲೇ. ಸಿಲಿಂಡರ್ ಕಾದಾಗ ಪೈಪು ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಅರೆಬರೆ ಕಚ್ಚಿಕೊಂಡಿದ್ದ ಉಂಗುರ ದಿನಾ ಈ ಎಳೆದಾಟದಲ್ಲಿ ಸಡಿಲವಾಯಿತು. ಕೆಳಗೆ ಅಡುಗೆಮನೆಯ ಸೀಲಿಂಗಿನಲ್ಲಿ ಟೀ ಬಣ್ಣದ ಕಲೆ ಬಂತು, ಆಮೇಲೆ ಪ್ಲಾಸ್ಟರ್‌ಬೋರ್ಡು ಎಮ್ಮೆ ಹೊಟ್ಟೆಯ ಹಾಗೆ ಜೋತುಬಿತ್ತು. ಪ್ಲಂಬರ್, ಸೀಲಿಂಗು, ಪೇಂಟು, ಎಲ್ಲದಕ್ಕೂ ತೆತ್ತೆ. ಬೇಕಾಗಿದ್ದದ್ದು ಮುಕ್ಕಾಲು ಇಂಚಿನ ಒಂದು ಆಲಿವ್. ಪ್ಲಂಬರ್ ಅದೇ 22ರ ಜಾಯಿಂಟ್ ಹೊಸದು ತಂದು, ಹಳೇ ಪೈಪಿನ ಕಡೆಗೆ ಮಾತ್ರ ಮುಕ್ಕಾಲು ಇಂಚಿನ ಆಲಿವ್ ಹಾಕಿ ಹೋದ.

ನೀವು ಕೇಳಿದ ಪುಶ್‌ಫಿಟ್ಟಿನ ಕಥೆ ಇನ್ನೂ ಕಷ್ಟ. ಅದರ ರಬ್ಬರ್ ರಿಂಗು 22ಕ್ಕೇ ಮಾಡಿದ್ದು, ಸಣ್ಣ ಪೈಪನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಅಲ್ಲಿ ಬಿಗಿಯಲು ನಟ್ಟೂ ಇಲ್ಲ. ಬೆಸುಗೆ ಹಾಕುವುದಾದರೆ ಮುಕ್ಕಾಲು ಇಂಚಿನಿಂದ 22ಕ್ಕೆ ಅಂತಲೇ ಅಡಾಪ್ಟರ್ ಸಿಗುತ್ತದೆ, ಅದನ್ನೇ ತನ್ನಿ. ಮಾಮೂಲಿ 22ರದ್ದಕ್ಕೆ ಸೀಸ ಸುರಿದು ಸಂದು ಮುಚ್ಚುತ್ತೇನೆ ಅನ್ನುವವರ ಮಾತು ಕೇಳಬೇಡಿ.

ಅರ್ಧ ಇಂಚಿನ ಪೈಪಿಗೆ ಇಷ್ಟೆಲ್ಲಾ ರಗಳೆಯಿಲ್ಲ, 15 ಎಂಎಂ ಕಂಪ್ರೆಶನ್ ನೇರ ಕೂರುತ್ತದೆ. ಒಂದು ಇಂಚಿಗೆ 28ರದ್ದೂ ಹಾಗೇ.

ಇನ್ನೊಂದು. ಸಿಲಿಂಡರ್ ಹತ್ತಿರದ ಹಳೇ ಗೇಟ್ ವಾಲ್ವ್ ತಿರುಗದಿದ್ದರೆ ಸುಮ್ನೆ ಒತ್ತಾಯ ಮಾಡಬೇಡಿ, ಸ್ಪಿಂಡಲ್ ಮುರಿದರೆ ಅದೇ ದೊಡ್ಡ ಕೆಲಸ. ನೀರು ಕಾಯಿಸುವುದನ್ನು ಆರಿಸಿ, ಸಿಲಿಂಡರಿಗೆ ನೀರು ಕೊಡುವ ಅಟ್ಟದ ಟ್ಯಾಂಕಿಗೆ ಬರುವ ನೀರು ನಿಲ್ಲಿಸಿ. ಟ್ಯಾಂಕು ಖಾಲಿಯಾದ ಮೇಲೂ ಸಿಲಿಂಡರಿನಲ್ಲಿ ನೀರು ಉಳಿದಿರುತ್ತದೆ, ಅದನ್ನೂ ಇಳಿಸಿದ ಮೇಲೆ ಪೈಪಿಗೆ ಕೈ ಹಾಕಿ.