ಉಪ್ಪಿನ ಗಣಿಯೇ ಯಾಕೆ?

ನಮಸ್ಕಾರ ಸರ್. ನಿವೃತ್ತಿ ಆದ ಮೇಲೆ ಅಪಾಯಕಾರಿ ಕಸದ ವಿಲೇವಾರಿ ಬಗ್ಗೆ ಓದಲು ಶುರು ಮಾಡಿದ್ದೀರಿ, ಖುಷಿಯಾಯಿತು. ವಿಷಕಾರಿ ಕಸವನ್ನು ಉಪ್ಪಿನ ಗಣಿಯಲ್ಲಿ ಯಾಕೆ ಇಡುತ್ತಾರೆ, ಉಪ್ಪು ನೀರಲ್ಲಿ ಕರಗಲ್ವಾ ಅಂತ ಕೇಳಿದ್ದೀರಿ.

ಕರಗುತ್ತದೆ. ಅದೇ ಇಲ್ಲಿ ಸಾಕ್ಷಿ. ಸುಮಾರು 25 ಕೋಟಿ ವರ್ಷ ಈ ಗಣಿಗಳ ಉಪ್ಪಿನ ಪದರ ಉಳಿದಿದೆ ಅಂದರೆ ಅಲ್ಲಿಗೆ ಹರಿಯುವ ನೀರು ಹೊಕ್ಕಿಲ್ಲ. ಜೊತೆಗೆ ಆಳದ ಒತ್ತಡಕ್ಕೆ ಉಪ್ಪು ಮೆಲ್ಲಗೆ ಜರುಗಿ ಬಿರುಕುಗಳನ್ನು ತಾನೇ ಮುಚ್ಚುತ್ತದೆ.

ಜರ್ಮನಿಯ ಹೆರ್ಫಾ-ನಾಯ್‌ರೋಡೆಯಲ್ಲಿ 1972ರಿಂದ ರಾಸಾಯನಿಕ ಕಸ ಇಡುತ್ತಿದ್ದಾರೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ‘ವಿಪ್’ (WIPP) ಅಂತ ಉಪ್ಪಿನ ಪದರದೊಳಗಿನ ಕಸದ ಸಂಗ್ರಹ ಇದೆ. ಅಲ್ಲಿ ಸುಮಾರು 655 ಮೀಟರ್ ಆಳದಲ್ಲಿ ಅಣ್ವಸ್ತ್ರ ತಯಾರಿಕೆಯ ವಿಕಿರಣ ಕಸ ಇದೆ. 2014ರಲ್ಲಿ ಅಲ್ಲೊಂದು ಡ್ರಮ್ ಒಡೆದು ವಿಕಿರಣ ಸೋರಿತು. ತಪ್ಪು ಉಪ್ಪಿನದಲ್ಲ. ತೇವ ಹೀರಲಿ ಅಂತ ಡ್ರಮ್ಮಿಗೆ ಬೆಕ್ಕಿನ ಟ್ರೇಗೆ ಹಾಕುವಂಥ ಪುಡಿ ಸೇರಿಸಿದ್ದರು. ಖನಿಜದ ಪುಡಿ ಬದಲು ಗೋಧಿಯಿಂದ ಮಾಡಿದ್ದು ಹಾಕಿದ್ದರಿಂದ ಅದು ಕಸದಲ್ಲಿದ್ದ ನೈಟ್ರೇಟ್ ಲವಣಗಳ ಜೊತೆ ಸೇರಿ ಬಿಸಿಯೇರಿತು. ತಮಾಷೆ ಅಲ್ಲ, ನಿಜ! ನನ್ನ ಪ್ರಕಾರ ಗಣಿಗಿಂತ ಜಾಸ್ತಿ ಅನುಮಾನಿಸಬೇಕಾದದ್ದು ಮೇಲೆ ನಡೆಯುವ ಪ್ಯಾಕಿಂಗನ್ನು.

ಸೈನ್ಸ್ ಓದಿಲ್ಲ ಅಂತ ಹಿಂಜರಿಯಬೇಡಿ. ಕಲ್ಲಿನೊಳಗೆ ನೀರು ಹೇಗೆ ಓಡಾಡುತ್ತದೆ ಅನ್ನೋದನ್ನು ಮೊದಲು ಹಿಡಿಯಿರಿ. ಬೋರ್‌ವೆಲ್ ಕೊರೆಸಿದವರಿಗೆ ಅದು ಅರ್ಧ ಗೊತ್ತಿರುತ್ತದೆ. ಆಮೇಲೆ ಫಿನ್ಲೆಂಡಿನ ಒಂಕಾಲೊ ಬಗ್ಗೆ ಓದಿ, ಅದು ಬಳಸಿದ ಅಣು ಇಂಧನವನ್ನು ಹೂಳಲು ಕೊರೆದ ನೆಲದಾಳದ ಸುರಂಗ. ಅಲ್ಲಿ ಉಪ್ಪಿಲ್ಲ, ಗಟ್ಟಿ ಬಂಡೆ; ಅದು ಉಪ್ಪಿನ ಹಾಗೆ ಬಿರುಕುಗಳನ್ನು ತಾನೇ ಮುಚ್ಚುವುದಿಲ್ಲ. ಅದಕ್ಕೇ ತಾಮ್ರದ ಡಬ್ಬಿ, ಸುತ್ತ ನೀರು ತಾಗಿದರೆ ಉಬ್ಬುವ ಬೆಂಟೊನೈಟ್ ಜೇಡಿಮಣ್ಣು.